ತಗ್ಗಿನ ತಳದ ಜೇಡಿ

ಹಡಗಲಿ ಸೀಮೆಯಲ್ಲಿ ನಾನು ತೋಡಿದ ಬಾವಿ ಬತ್ತಿತೆಂದು ಯಾರೂ ಹೇಳಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಓದು ಬರದಿದ್ದರೂ ಮಣ್ಣು ಬರುತ್ತಿತ್ತು. ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಊರ ಹಿರಿಯರು ಹೊಳೆದಂಡೆಯ ತಗ್ಗನ್ನು ಹಸನು ಮಾಡುವ ಕೆಲಸವನ್ನು ನನಗೇ ವಹಿಸಿದರು.

ತುಂಗಭದ್ರೆ ಉಕ್ಕಿದಾಗ ಆ ತಗ್ಗು ತುಂಬುತ್ತಿತ್ತು. ಹೊಳೆ ಇಳಿದರೂ ಅಲ್ಲಿ ನೀರು ಸಂಕ್ರಾಂತಿ ದಾಟುವವರೆಗೆ ನಿಲ್ಲುತ್ತಿತ್ತು. ದನ ಕುಡಿಯುತ್ತಿದ್ದವು, ಮೀನು ಮರಿ ಮಾಡುತ್ತಿದ್ದವು, ಬೆಳ್ಳಕ್ಕಿ ಇಳಿಯುತ್ತಿದ್ದವು. ಬರಬರುತ್ತಾ ಹೂಳು ತುಂಬಿ, ಜೊಂಡು ಬೆಳೆದು, ನೀರೇ ಕಾಣದಂತಾಗಿತ್ತು.

"ಯುಗಾದಿ ತನಕ ನೀರು ನಿಲ್ಲಸ್ತೀನಿ, ನೋಡ್ರಿ," ಎಂದು ಹಿರಿಯರಿಗೆ ಮಾತು ಕೊಟ್ಟೆ.

ಜೊಂಡು ಕಿತ್ತೆವು, ಹೂಳು ತೆಗೆದೆವು. ಕೆಳಗೆ ಅಂಟಾದ ಜೇಡಿಮಣ್ಣು ಸಿಕ್ಕಿತು. ಬಾವಿ ತೋಡಿದ ಕೈ, ಅಲ್ಲಿಗೆ ನಿಲ್ಲಲಿಲ್ಲ. ಜೇಡಿಯನ್ನೂ ತೆಗೆಸಿ ದಂಡೆಗೆ ಹಾಕಿಸಿದೆ. ಉಸುಕು ಕಂಡಾಗ ಮೀಸೆ ತಿರುವಿದೆ. ಬಾವಿಯಲ್ಲಿ ಉಸುಕು ಬಂತೆಂದರೆ ನೀರು ಬಂದಂತೆಯೇ.

ಮಳೆಗಾಲದಲ್ಲಿ ತಗ್ಗು ತುಂಬಿತು. ಹೊಳೆ ಇಳಿದಂತೆ ತಗ್ಗಿನ ನೀರೂ ಇಳಿಯಿತು. ದೀಪಾವಳಿಗೆ ಬರೀ ಕೆಸರು. ದಂಡೆಯನ್ನು ಮೂರು ಸಲ ಸುತ್ತಿದೆ, ಎಲ್ಲೂ ಒಡೆದಿರಲಿಲ್ಲ. ನೀರು ಎಲ್ಲಿಗೆ ಹೋಯಿತು? ತಲೆಗೆ ಹೊಳೆಯಲಿಲ್ಲ.

"ಲೇ ಮೇಸ್ತ್ರಿ, ಯಾವ ವರ್ಷದ ಯುಗಾದಿ ಅಂತ ನೀ ಹೇಳಿದ್ದಿಲ್ಲ ಬಿಡು," ಎಂದ ಎಮ್ಮೆ ಕಾಯುವ ಗೆಳೆಯ.

ಅಲ್ಲೇ ಬಲೆ ಒಣಹಾಕುತ್ತಿದ್ದ ಅಂಬಿಗರ ಮುದುಕಿ ಕೇಳಿದಳು: "ತಮ್ಮಾ, ಗಡಿಗಿ ತಳಾ ತಗದು ನೀರು ಹಾಕಿದ್ರ ನಿಂದ್ರತೈತೇನು?"

"ಉಸುಕು ಬಂದೈತಿ ಬೇ ಯವ್ವಾ!"

"ಇದೇನು ಬಾವಿ ಏನೋ? ಬಾವಿಗೆ ಕೆಳಗಿಂದ ನೀರು ಬರತೈತಿ. ಇದು ಮ್ಯಾಲಿಂದ ಬಂದದ್ದನ್ನ ಹಿಡಕೋಬೇಕು. ಆ ಜೇಡಿ ವಾಪಸ್ ಹಾಕು, ಎಮ್ಮಿ ಬಿಟ್ಟು ತುಳಸು."

ಹೆಂಗಸಿನಿಂದ ಮಣ್ಣಿನ ಪಾಠ ಕೇಳುವುದೇ ಎಂದು ಎರಡು ದಿನ ಮನೆಯಲ್ಲಿ ಕುಳಿತೆ. ಮೂರನೆಯ ದಿನ ಕೆಸರು ಆರುವ ಮೊದಲು ಜೇಡಿ ಹೊತ್ತು ತಂದು ಹರಡಿದೆವು. ಗೆಳೆಯನ ಎಮ್ಮೆಗಳು ಬೆಳಗಿನಿಂದ ಸಂಜೆಯವರೆಗೆ ತುಳಿದವು. "ನಿನ್ನ ಗುದ್ದಲಿ ಕೆಡಿಸಿದ್ದನ್ನ ನಮ್ಮ ಎಮ್ಮಿ ರಿಪೇರಿ ಮಾಡಾಕ ಹತ್ತ್ಯಾವ," ಎಂದು ಅವನು ದಾರಿಹೋಕರಿಗೆಲ್ಲ ಕೂಗಿ ಹೇಳಿದ. ಒಂದಿಷ್ಟು ಜೇಡಿ ಮಳೆಗೆ ಕೊಚ್ಚಿಹೋಗಿದ್ದರಿಂದ ತೆಂಕಲ ಮೂಲೆಗೆ ಮಾತ್ರ ಸಾಲಲಿಲ್ಲ. ಅಲ್ಲಿ ಉಸುಕು ಹಾಗೆಯೇ ಉಳಿಯಿತು.

ಮುಂದಿನ ವರ್ಷ ಹೊಳೆ ಬಂದು ಹೋಯಿತು. ತಗ್ಗಿನ ನೀರು ನಿಂತಿತು. ಬೆಳ್ಳಕ್ಕಿ ಬಂದವು, ನೀರುಕೋಳಿಗಳೂ ಬಂದವು. ಯುಗಾದಿಯ ದಿನವೂ ಮೊಣಕಾಲುದ್ದ ನೀರಿತ್ತು. ಆದರೆ ಜೇಡಿ ಇಲ್ಲದ ತೆಂಕಲ ಮೂಲೆಯಿಂದಲೂ ನೀರು ಸೋರಿಹೋಗಿರಲಿಲ್ಲ! ಇಳಿದು ಕೋಲು ಚುಚ್ಚಿದೆ. ಉಸುಕಿನ ಮೇಲೆ ಬೆರಳಗಲ ಹೊಸ ಹೂಳು ಕೂತಿತ್ತು, ಅಷ್ಟೇ.

"ಯವ್ವಾ, ಇಲ್ಲಿ ಜೇಡೀನೂ ಇಲ್ಲ, ಎಮ್ಮೀನೂ ತುಳಿದಿಲ್ಲ. ನೀರು ಹೆಂಗ ನಿಂತೈತಿ?"

ದಂಡೆಯಲ್ಲಿದ್ದ ಮುದುಕಿ ನೀರಿಗಿಳಿದು ಕಾಲಿನಿಂದ ತಳ ತಡವಿದಳು. "ನನಗೂ ತಿಳೀವಲ್ದು, ತಮ್ಮಾ."

ಅಷ್ಟರಲ್ಲಿ ಹಿರಿಯರು ದಂಡೆಗೆ ಬಂದರು. "ಮಾತು ಉಳಿಸಿಕೊಂಡ್ಯಪ್ಪಾ," ಎಂದರು. ಹೌದು ಅನ್ನಲೋ, ಮುದುಕಿಯದೋ ಹೊಳೆಯದೋ, ಇದರಲ್ಲಿ ನನ್ನದೇನೂ ಇಲ್ಲ ಅನ್ನಲೋ ತಿಳಿಯದೆ, ಮೊಣಕಾಲುದ್ದ ನೀರಿನಲ್ಲೇ ಕೋಲು ಹಿಡಿದು ನಿಂತೆ.