ಗೇರೆಣ್ಣೆಯ ಕಲೆ

ಮೊನ್ನೆ ಅಂಕೋಲೆಯ ಪೇಟೆ ದಾಟುವಾಗ ಯಾರದೋ ಹಿತ್ತಲಿನಿಂದ ಗೇರುಬೀಜ ಸುಡುವ ಹೊಗೆ ಬಂತು. ಜೊತೆಗಿದ್ದ ಮೊಮ್ಮಗಳು ಆಹಾ ಎಂದಳು. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಈಗಿನವರಿಗೆ ಗೇರುಬೀಜವೆಂದರೆ ಪಾಯಸ. ನನಗೆ ಅದು ಪಕ್ಕದ ಮನೆಯ ಅಕ್ಕನ ಮುಖ...

ಕರ ಕೊಡುವುದಿಲ್ಲವೆಂದು ಊರಿನ ಗಂಡಸರು ಜೈಲಿಗೆ ಹೋಗಿ ಬರುತ್ತಿದ್ದ ವರ್ಷಗಳು ಅವು. ಅಕ್ಕ ಮತ್ತು ಅವಳ ತಾಯಿ (ಕೇರಿಗೆಲ್ಲ ಆಕೆ ಅವ್ವಿ) ಸಾಹುಕಾರರ ಅಂಗಳದಲ್ಲಿ ಸುಟ್ಟ ಗೇರುಬೀಜ ಒಡೆಯುವ ಕೂಲಿಗೆ ಹೋಗುತ್ತಿದ್ದರು. ತಿರುಳು ಕಾರವಾರದ ಬಂದರಕ್ಕೆ ಹೋಗುತ್ತಿತ್ತು, ಸಿಪ್ಪೆಯೊಳಗಿನ ಎಣ್ಣೆ ಇವರ ಕೈಗೆ ಉಳಿಯುತ್ತಿತ್ತು. ನೋಡಲು ಜೋನಿಬೆಲ್ಲದ ಹಾಗೆ ಕಪ್ಪಗೆ, ಅಂಟಂಟಾಗಿ. ಹಾರವಾಡದ ಮೀನುಗಾರರು ಅದನ್ನು ದೋಣಿಯ ತಳಕ್ಕೆ ಬಳಿದರೆ ಹುಳ ಹತ್ತಿರ ಸುಳಿಯದು. ಮನೆಯ ಕಂಬಕ್ಕೆ ಹಚ್ಚಿದರೆ ಗೆದ್ದಲು ಬಾರದು. ಮೈಗೆ ತಾಗಿದರೆ ಮೊದಲು ಏನೂ ಗೊತ್ತಾಗುವುದಿಲ್ಲ. ಮರುದಿನ ಬೊಕ್ಕೆ ಏಳುತ್ತದೆ, ಆಮೇಲೆ ಚರ್ಮವೇ ಸುಲಿದು ಬರುತ್ತದೆ. ಅದಕ್ಕೇ ಕೈಗೆ ತೆಂಗಿನೆಣ್ಣೆ ಹಚ್ಚಿ, ಬೂದಿ ಮೆತ್ತಿಕೊಂಡು ಒಡೆಯಲು ಕೂರಬೇಕು. ತುರಿಸಿದರೂ ಮುಖ ಮುಟ್ಟಬಾರದು. ಹಸಿ ಬೀಜದ ಗೊಡವೆಗಂತೂ ಹೋಗಲೇಬೇಡಿ ಎಂದು ಅವ್ವಿ ನಮ್ಮನ್ನೆಲ್ಲ ಗದರುತ್ತಿದ್ದಳು.

ಅಕ್ಕನಿಗೆ ರಾಮನಗುಳಿಯ ಒಬ್ಬ ವಿಧುರನನ್ನು ನೋಡಿದರು. ಅವನಿಗೆ ಅಕ್ಕನಿಗಿಂತ ದೊಡ್ಡ ಮಗಳಿದ್ದಳು. ಅಕ್ಕ ಅತ್ತಳು, ಉಣ್ಣದೆ ಕೂತಳು. ಅವ್ವಿ ಕಿವಿಗೇ ಹಾಕಿಕೊಳ್ಳಲಿಲ್ಲ. ಹೆಣ್ಣು ನೋಡಲು ಅವರು ಬರುವ ಹಿಂದಿನ ದಿನ ಬೆಳಗ್ಗೆ ಅಕ್ಕ ನನ್ನನ್ನು ಹಿತ್ತಲಿಗೆ ಕರೆದಳು. ಹಸಿ ಬೀಜ ಜಜ್ಜಿ, ಕಡ್ಡಿಯಲ್ಲಿ ಎಣ್ಣೆ ತೆಗೆದು ಕೆನ್ನೆಗೆ, ಹಣೆಗೆ ಚುಕ್ಕೆ ಇಟ್ಟುಕೊಂಡಳು. ಬೇಡವೆಂದು ನಾನು ಕೈ ಹಿಡಿದೆ.

“ಇದು ಎಂಟು ದಿನ ಉರೀತದೆ. ಆ ಮನೆಗೆ ಹೋದ್ರೆ ಸಾಯೂ ತನಕ ಉರೀತದೆ” ಎಂದಳು.

ಮರುದಿನ ಕಣ್ಣು ಮುಚ್ಚಿಹೋಗುವಷ್ಟು ಮುಖ ಊದಿತ್ತು. ಬಂದವರಲ್ಲಿ ಒಬ್ಬ ಮುದುಕಿ ಬಾಗಿಲಿನಿಂದಲೇ ಇಣುಕಿ, ಅಮ್ಮ ಬಂದಿದ್ದಾಳೆ ಎಂದು ಕೈ ಮುಗಿದಳು. ಸಿಡುಬಿನ ಹೆಸರೆತ್ತಲು ಹೆದರಿ ಆಗ ಹಾಗೆಯೇ ಹೇಳುತ್ತಿದ್ದದ್ದು. ಅವರು ನೀರೂ ಕುಡಿಯದೆ ಹಿಂತಿರುಗಿದರು. ನನಗೆ ಖುಷಿಯೋ ಖುಷಿ.

ಆದರೆ ಅವ್ವಿ ಅಕ್ಕನನ್ನು ಒಳಕೋಣೆಗೆ ಹಾಕಿ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದಳು. ಗೇರೆಣ್ಣೆಯ ಉರಿಗೆ ನಮಗೆ ಗೊತ್ತಿದ್ದ ಮದ್ದು ತೆಂಗಿನೆಣ್ಣೆ ಒಂದೇ. ಅಮ್ಮ ಬಂದ ಮನೆಯಲ್ಲೋ ಒಗ್ಗರಣೆ ಕೂಡ ಇಲ್ಲ, ಮೈಗೆ ಎಣ್ಣೆ ಸೋಕಿಸುವಂತಿಲ್ಲ. ಕೇಳಿದರೆ ಗುಟ್ಟು ಬಿಡಬೇಕು. ಅಕ್ಕ ಕೇಳಲಿಲ್ಲ... ಅವಳು ನರಳುವುದು ನಮ್ಮ ಅಡಿಗೆಮನೆಗೆ ಕೇಳುತ್ತಿತ್ತು.

ತಡೆಯಲಾರದೆ ಒಂದು ಮಧ್ಯಾಹ್ನ ಕರಟದಲ್ಲಿ ಎಣ್ಣೆ ಹಿಡಿದು ಆ ಕೋಣೆಯ ಕಿಟಕಿಗೆ ಹೋದೆ. ಒಳಗೆ ಅವ್ವಿ ನಿಂತಿದ್ದಳು.

“ಹುಟ್ಟಿದಾಗಿಂದ ಗೇರುಬೀಜ ಒಡದವ್ಳು ನಾನು. ನಂಗೆ ಗುರ್ತು ಸಿಕ್ಕೂದಿಲ್ವಾ ತಂಗಿ?” ಎಂದಳು. “ಅಮ್ಮ ಅಂದ್ರೆ ಊರು ಕೈ ಮುಗೀತದೆ. ತಾನೇ ಸುಟ್ಕಂಡಳು ಅಂದ್ರೆ ಉಗೀತದೆ. ತಕಂಡು ಹೋಗು.”

ಆಕೆಯ ಕಣ್ಣಲ್ಲಿ ನೀರಿತ್ತು. ಆದರೂ ನನಗೆ ಸಿಟ್ಟು ಬಂತು. ಅದು ಈಗಲೂ ಪೂರ್ತಿ ಇಳಿದಿಲ್ಲ.

ಉರಿ ಇಳಿಯಿತು, ಕಪ್ಪು ಕಲೆ ಉಳಿಯಿತು. ಮತ್ತೆ ಯಾರೂ ಹೆಣ್ಣು ಕೇಳಲು ಬರಲಿಲ್ಲ. ದೇವಿ ಹಾಕುವವರು, ಅಂದರೆ ಸಿಡುಬಿನ ಲಸಿಕೆಯವರು, ಚುಚ್ಚಲು ಬಂದಾಗ, ಅಮ್ಮ ಬಂದುಹೋದವಳಿಗೆ ಯಾಕೆಂದು ಅಕ್ಕನನ್ನು ಬಿಟ್ಟರು. ಒಮ್ಮೆ ಬಂದವರಿಗೆ ಮತ್ತೆ ಬರುವುದಿಲ್ಲವಲ್ಲ. ಹಾಗಾಗಿ ಯಾರ ಮನೆಗೆ ಅಮ್ಮ ಬಂದರೂ ರೋಗಿಯ ಆರೈಕೆಗೆ ಅಕ್ಕನಿಗೇ ಕರೆ. ಒಲ್ಲೆನೆನ್ನಲು ಅವಳಿಗೆ ಬಾಯಿಲ್ಲ, ಬೇಡವೆನ್ನಲು ಅವ್ವಿಗೂ ಬಾಯಿಲ್ಲ. ಇಬ್ಬರೂ ಬೇವಿನ ಸೊಪ್ಪು ಕೊಯ್ದು ಕಟ್ಟುವುದನ್ನು ನಾನು ನೋಡುತ್ತಿದ್ದೆ. ಹಾಗೆ ಹೋಗಿ ಬಂದು, ಹೋಗಿ ಬಂದು, ಕೊನೆಗೆ ಅಕ್ಕ ಮಂಜಗುಣಿಯಿಂದ ಜ್ವರ ಹೊತ್ತು ಬಂದಳು.

ಅವಳ ಮುಖದ ಮೇಲೆ ಬೊಕ್ಕೆ ಎದ್ದ ದಿನ ಅವ್ವಿ ನಮ್ಮ ಬಾಗಿಲಿಗೆ ಬಂದಳು. ಕೈಯಲ್ಲಿ ಖಾಲಿ ಕರಟ.

“ಒಂಚೂರು ತೆಂಗಿನೆಣ್ಣೆ ಕೊಡೇ ತಂಗಿ. ಗೇರೆಣ್ಣೆ ತಾಗಿದ್ದೇ ಇರ್ಬೇಕು...”

ಕರಟ ತುಂಬ ಕೊಟ್ಟೆ. ಅಕ್ಕ ಉಳಿಯಲಿಲ್ಲ.

ಪೇಟೆಯಲ್ಲಿ ಮೊಮ್ಮಗಳು ಆ ಹೊಗೆಯ ಕಡೆಗೇ ಕೈ ಎಳೆಯುತ್ತಿದ್ದಳು, ಬಿಸಿ ಬೀಜ ಕೊಳ್ಳೋಣವೆಂದು. ಕೊಡಿಸಿದೆ. ನಾನು ತಿನ್ನಲಿಲ್ಲ.