ಬಿಜಲಿಯ ಕತ್ತಿನ ಕರಿದಾರ

ಬೇವಿನೆಣ್ಣೆಯ ವಾಸನೆ ಬಂದರೆ ಬೇರೆಯವರಿಗೆ ಹೇನು ನೆನಪಾಗುತ್ತವೆ, ನನಗೆ ಕುದುರೆ ನೆನಪಾಗುತ್ತದೆ. ಮೊನ್ನೆ ಸೊಸೆ ನನ್ನ ಮೊಮ್ಮಗಳನ್ನು ಪಡಸಾಲೆಯಲ್ಲಿ ಕೂರಿಸಿಕೊಂಡು ಬೇವಿನೆಣ್ಣೆ ಹಚ್ಚಿ ತಲೆ ಬಾಚುತ್ತಿದ್ದಳು. ಹಣಿಗೆ ಸಿಕ್ಕಿನಲ್ಲಿ ಸಿಲುಕಿದಾಗಲೆಲ್ಲ ಹುಡುಗಿ ಕತ್ತು ಕೊಡವಿ, ಹಲ್ಲು ಕಚ್ಚಿ, ಹಿಂದಕ್ಕೆ ಸರಿಯುತ್ತಿದ್ದಳು. ನಾನು ಕಟ್ಟೆಯ ಮೇಲೆ ಕುಳಿತು ಸುಮ್ಮನೆ ನೋಡುತ್ತಿದ್ದೆ. ಸುಮ್ಮನೆ ಕೂರುವುದು ನನ್ನ ಜಾಯಮಾನವಲ್ಲ. ನಿಮ್ಮ ಮನೆಯಲ್ಲೂ ಇಂಥದೊಂದು ವಾಸನೆ ಉಳಿದಿದ್ದೀತು. ಮನೆ ಹೋಗಿ, ಮಂದಿ ಹೋಗಿ, ವಾಸನೆಯಷ್ಟೇ ಉಳಿದದ್ದು. ನನ್ನ ಪಾಲಿಗೆ ಉಳಿದದ್ದು ಕೊಪ್ಪಳದಲ್ಲಿದ್ದ ನಮ್ಮ ಕಾಕಾನ ತಬೇಲಾದ, ಕುದುರೆ ಕಟ್ಟುವ ಕೊಟ್ಟಿಗೆಯ, ವಾಸನೆ. ಹಸಿ ಹುಲ್ಲು, ಉಚ್ಚೆ, ನೆನೆಸಿದ ಹುರುಳಿ, ಅವೆಲ್ಲದರ ಮೇಲೆ ಬೇವಿನೆಣ್ಣೆ.

ನಮ್ಮಪ್ಪ ಹನುಮಸಾಗರದ ಕಡೆ ಹೊಲ ಮಾಡಿಕೊಂಡಿದ್ದ. ನನ್ನ ಕಾಟ ತಾಳಲಾರದೆ ಸಾಲಿ ಕಲಿಯಲೆಂದು ತನ್ನ ತಮ್ಮನ ಮನೆಗೆ ಅಟ್ಟಿದ. ಕಾಕಾ ರೈಲು ನಿಲ್ದಾಣದಿಂದ ಊರೊಳಕ್ಕೆ ಟಾಂಗಾ ಹೊಡೆಯುತ್ತಿದ್ದ. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ, ಆಟೋ ಇನ್ನೂ ಬಂದಿರಲಿಲ್ಲ. ನನ್ನಂಥ ಕಿಡಿಗೇಡಿ ಆ ಓಣಿಯಲ್ಲಿ ಹಿಂದೆ ಹುಟ್ಟಿರಲಿಲ್ಲ, ಮುಂದೆಯೂ ಹುಟ್ಟಲಿಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕು, ಕಣ್ಣಾರೆ ಕಂಡವರು ಯಾರೂ ಉಳಿದಿಲ್ಲ. ಒಮ್ಮೆ ಹೊಸದಾಗಿ ಬಂದ ಕಚೇರಿಯ ಗುಮಾಸ್ತರೊಬ್ಬರಿಗೆ, ನಮ್ಮ ಕುದುರೆಗೆ ಉರ್ದು ಬಿಟ್ಟರೆ ಬೇರೆ ಭಾಷೆ ತಿಳಿಯುವುದಿಲ್ಲ, ಟಾಂಗಾದಲ್ಲಿ ಕೂತವರು ಬಾಯಿ ಮುಚ್ಚಿದರೆ ನಿಂತುಬಿಡುತ್ತದೆ ಎಂದು ನಂಬಿಸಿದ್ದೆ. ಆ ಮನುಷ್ಯ ನಿಲ್ದಾಣದಿಂದ ಮನೆಯವರೆಗೂ ಬೆವರು ಒರೆಸಿಕೊಳ್ಳುತ್ತ ಕುದುರೆಗೆ "ಚಲೋ ಸಾಹೇಬ್, ಆಪ್ ಬಹುತ್ ಅಚ್ಛೇ ಹೈಂ" ಎನ್ನುತ್ತಲೇ ಇದ್ದ. ಕಾಕಾ ಲಗಾಮು ಹಿಡಿದು ನಗು ತಡೆಯಲಾರದೆ ಕೆಮ್ಮಿದ. ಮನೆಗೆ ಬಂದು ತನ್ನ ಹೆಂಡತಿಗೆ, ನನ್ನ ಚಿಗವ್ವನಿಗೆ, ಹೇಳಿದ: "ನಿನ್ನ ಮಗಾ ಒಂದಿನ ನನ್ನ ಟಾಂಗಾ ನನಗ ಮಾರ್ತಾನ ನೋಡು." ನಾನು ಅವಳ ಮಗನಲ್ಲ. ಆದರೂ ಹಾಗೆಯೇ ಹೇಳುತ್ತಿದ್ದ.

ಟಾಂಗಾ ಎಳೆಯುತ್ತಿದ್ದ ಮೋತಿಗೆ ವಯಸ್ಸಾಗಿತ್ತು. ಎದೆಯ ಮೇಲೆ ಪಟ್ಟಿ ಉಜ್ಜಿ ಉಜ್ಜಿ ಕೂದಲು ಹೋಗಿ, ಕರಿ ಚರ್ಮ ಚಪ್ಪಲಿಯಂತೆ ದಡ್ಡುಗಟ್ಟಿತ್ತು. ಅದರ ಜಾಗಕ್ಕೆಂದು ಕಾಕಾ ಒಂದು ಹೆಣ್ಣು ಮರಿ ತಂದ. ಕಂದು ಮೈ, ಹಣೆಯ ಮೇಲೆ ಬಿಳಿ ಗೆರೆ. ಹೆಸರು ಬಿಜಲಿ. ಬಂದ ದಿನವೇ ಚಿಗವ್ವ ಮನೆಯ ಪದ್ಧತಿಯಂತೆ ಅದರ ಕಿವಿಯ ಹಿಂದೆ, ಕೂದಲಿನ ಬುಡಕ್ಕೆ ಬರುವಂತೆ ಕತ್ತು ಸುತ್ತಿ, ತಾಯಿತ ಪೋಣಿಸಿದ ಕರಿ ನೂಲು ಕಟ್ಟಿದಳು. "ಇದು ತಾನ ಹರದು ಬೀಳೂತನಕ ಆಕೀನ್ನ ಗಾಡಿಗೆ ಕಟ್ಟಬ್ಯಾಡ್ರಿ. ಯಾರೂ ಕತ್ತರಿ ಹಚ್ಚಬ್ಯಾಡ್ರಿ" ಎಂದಳು. ಆ ಮನೆಯಲ್ಲಿ ಯಾವ ಕುದುರೆಗೂ ಇದೇ ಕಟ್ಟಳೆ. ಮಳೆ ಬಿಸಿಲಿಗೆ ನೂಲು ಕೊಳೆತು ಬೀಳಲು ಒಂದು ವರ್ಷವಾಗುತ್ತಿತ್ತು, ಅಷ್ಟರಲ್ಲಿ ಮರಿಯೂ ಬಲಿಯುತ್ತಿತ್ತು.

ಆ ವರ್ಷ ಬಿಜಲಿ ನನ್ನದಾಗಿತ್ತು. ಸಾಲಿ ಬಿಟ್ಟೊಡನೆ ಅದರ ಬರಿಬೆನ್ನು ಹತ್ತಿ ಕೆರೆಯ ದಂಡೆಗೆ ಹೋಗುತ್ತಿದ್ದೆ. ನೀರು ಕಂಡರೆ ಅದು ಮುಂಗಾಲಿನಿಂದ ಬಡಿದು ನನ್ನನ್ನು ತೋಯಿಸುತ್ತಿತ್ತು; ನನಗಿಂತ ದೊಡ್ಡ ತುಂಟ ಅದೊಂದೇ ಎಂದು ಗೆಳೆಯರ ಮುಂದೆ ಜಂಬ ಕೊಚ್ಚುತ್ತಿದ್ದೆ. ಹೀಗಿರುವಾಗ ಒಂದು ಸಂಜೆ ಅದರ ಕತ್ತಿನ ನೂಲು ಒಂದೇ ಎಳೆಯ ಮೇಲೆ ನಿಂತದ್ದನ್ನು ಕಂಡೆ. ಕಾಕಾ ಆಗಲೇ ಬಿಜಲಿಯ ಅಳತೆಗೆ ಹೊಸ ಚರ್ಮದ ಪಟ್ಟಿ ಹೊಲಿಸಲು ಹಾಕಿದ್ದ. ನನ್ನ ಕಣ್ಣ ಮುಂದೆ ಮೋತಿಯ ಎದೆಯ ದಡ್ಡು ಬಂತು. ಕೆರೆಯಲ್ಲಿ ಮೀನು ಹಿಡಿಯುವವರ ಹರಿದ ಬಲೆಯಿಂದ ನೀಲಿ ನೈಲಾನ್ ದಾರ ಬಿಡಿಸಿಕೊಂಡೆ. ದೀಪದ ಮಸಿಗೆ ಎಣ್ಣೆ ಕಲಸಿ ಅದಕ್ಕೆ ಬಳಿದೆ. ಹಳೆಯ ತಾಯಿತ ಪೋಣಿಸಿ, ಹಳೆಯ ಜಾಗದಲ್ಲೇ, ಜಾರಬಾರದೆಂದು ಬಿಗಿಯಾಗಿ ಎರಡು ಗಂಟು ಹಾಕಿದೆ. ಇನ್ನು ಈ ದಾರ ಹರಿಯುವುದಿಲ್ಲ, ಬಿಜಲಿಗೆ ಟಾಂಗಾ ಎಳೆಯುವ ದಿನ ಬರುವುದಿಲ್ಲ. ನನ್ನ ಜನ್ಮದಲ್ಲಿ ನಾನು ಆಡಿದ ಆಟಗಳಲ್ಲೆಲ್ಲ ಇದೇ ಜಾಣತನದ್ದು ಎಂದುಕೊಂಡು, ನಗುತ್ತ ಉಂಡು ಮಲಗಿದೆ.

ದಾರ ಹರಿಯಲಿಲ್ಲ. ಕತ್ತು ಬೆಳೆಯಿತು.

ಆರೇಳು ತಿಂಗಳಿಗೆ ಬಿಜಲಿಯ ಸ್ವಭಾವ ಬದಲಾಯಿತು. ಮೈ ಉಜ್ಜಿಸಿಕೊಳ್ಳುತ್ತಿತ್ತು, ಗೊರಸು ಎತ್ತಿ ಕೊಡುತ್ತಿತ್ತು, ಹಣಿಗೆ ಕತ್ತಿನ ಕೂದಲಿಗೆ ತಾಗಿದರೆ ಮಾತ್ರ ಕಿವಿ ಹಿಂದೆ ಮಡಚಿ ಹಲ್ಲು ತೋರಿಸುತ್ತಿತ್ತು. ಕಾಕಾಗೆ ಕುದುರೆಯ ಕೂದಲು ಒಪ್ಪವಾಗಿರಬೇಕು, ನೀರು ಹಚ್ಚಿ ಒಂದೇ ಮಗ್ಗುಲಿಗೆ ಬಾಚಿರಬೇಕು. ಮೊದಮೊದಲು ರಮಿಸಿದ. "ಯಾಕಬೇ, ನಿನ್ನ ನೋಡಾಕ ಬೀಗರು ಬರೂರದಾರ, ಸುಮ್ಕ ನಿಂದ್ರು" ಎಂದ. ಅದು ಅವನ ಭುಜಕ್ಕೆ ಬಾಯಿ ಹಾಕಿತು. ನಾನು ದೂರ ನಿಂತು, "ಕಾಕಾ, ಅದರ ಬದಲಿ ನಿನ್ನ ತಲಿ ಬಾಚ್ಕೋ, ನಾಕ ಕೂದಲದಾವ, ಲಗೂ ಮುಗೀತೈತಿ" ಎಂದೆ. ಅವನು ಭುಜ ಹಿಡಿದುಕೊಂಡೇ ನಕ್ಕ. ಆದರೆ ಮರುವಾರ ನಗಲಿಲ್ಲ. ಬಿಜಲಿಯ ಮೇಲ್ತುಟಿಗೆ ಹಗ್ಗ ಸುತ್ತಿ, ಹಗ್ಗಕ್ಕೆ ಕೋಲು ಸಿಗಿಸಿ ತಿರುವಿ ಹಿಡಿದು ಬಾಚಿದ. ಕೊಸರಿದಾಗ ಬಾರುಕೋಲಿನಿಂದ ಬಾರಿಸಿದ. ಕುದುರೆಯನ್ನು ಅವನು ಹಾಗೆ ಹೊಡೆದದ್ದನ್ನು ನಾನು ಅದೇ ಮೊದಲು ನೋಡಿದ್ದು.

ಆಗ ನಾನು ಮುಂದೆ ಬಂದೆ. ಒಂದು ಕೈಯಲ್ಲಿ ಬೆಲ್ಲ, ಇನ್ನೊಂದರಲ್ಲಿ ಹಣಿಗೆ. ಬುಡಕ್ಕೆ ಹೋಗದೆ ತುದಿಯನ್ನಷ್ಟೇ ಬಾಚುವುದನ್ನು ಕಂಡುಹಿಡಿದೆ. ಮೇಲಿನ ಕೂದಲು ಎಣ್ಣೆ ಹಚ್ಚಿ ಇಳಿಬಿಟ್ಟರೆ ಒಳಗಿನ ಸಿಕ್ಕು ಕಾಣುತ್ತಿರಲಿಲ್ಲ. ಬಿಜಲಿ ಸುಮ್ಮನೆ ನಿಲ್ಲುತ್ತಿತ್ತು. ನಿಲ್ದಾಣದ ಟಾಂಗಾದವರೆಲ್ಲ ನೋಡಲು ಬಂದರು. "ಏನ್ ಮಂತ್ರಾ ಹಾಕೀಯೋ ತಮ್ಮಾ" ಎಂದು ಒಬ್ಬ ಕೇಳಿದ. ನಾನು ಗಂಭೀರವಾಗಿ, ಮಂತ್ರ ಹೇಳಿಕೊಟ್ಟರೆ ತಲೆ ಬೋಳಾಗುತ್ತದೆ, ನಮ್ಮ ಕಾಕಾಗೆ ಆದದ್ದು ಅದೇ ಎಂದೆ. ಹೀಗೆ ಎರಡು ತಿಂಗಳು ಬೇರೆ ಯಾರ ಕೈಯೂ ಆ ಕೂದಲಿನ ಬುಡ ಮುಟ್ಟಲಿಲ್ಲ. ನೊಣ ಮುತ್ತತೊಡಗಿದವು. ನಾನು ಬೇವಿನೆಣ್ಣೆ ಹೆಚ್ಚು ಹಚ್ಚಿದೆ. ಏನೋ ಕೊಳೆತ ನಾತ ಬಂತು. ಇನ್ನೂ ಹೆಚ್ಚು ಹಚ್ಚಿದೆ. ನಾನು ಕಟ್ಟಿದ ದಾರ ನೆನಪೇ ಆಗಲಿಲ್ಲ ಎಂದರೆ ನೀವು ನಂಬಬೇಕಾಗಿಲ್ಲ. ಒಮ್ಮೆ ನೆನಪಾಗಿತ್ತು. ಕೈ ಹಾಕಿ ನೋಡಲು ಹೆದರಿದೆ.

ಆ ನಾತದ ಜಾಡು ಹಿಡಿದವಳು ಚಿಗವ್ವ. ಒಂದು ಮಧ್ಯಾಹ್ನ, ಕಾಕಾ ಟಾಂಗಾ ತೆಗೆದುಕೊಂಡು ಹೋಗಿದ್ದಾಗ, ಬಿಸಿನೀರು ತಂದಳು. ಬಿಜಲಿಯ ಕೆನ್ನೆಗೆ ತನ್ನ ಕೆನ್ನೆ ಒತ್ತಿ ಬಹಳ ಹೊತ್ತು ನಿಂತಳು. ಆಮೇಲೆ ಬುಡದ ಕೂದಲು ಬಗೆದಳು. ದಾರ ಕಾಣಲಿಲ್ಲ. ಅದರ ಮೇಲೆ ಮಾಂಸ ಮುಚ್ಚಿಕೊಂಡು ಕತ್ತಿನ ಸುತ್ತ ಗಾಡಿಜಾಡಿನಂಥ ಗೆರೆ ಬಿದ್ದು, ಕೂದಲು ಮುಚ್ಚಿದ ಕಡೆಯೆಲ್ಲ ಕೀವು ತುಂಬಿತ್ತು. ತಾಯಿತದ ತುದಿ ಮಾತ್ರ ಹೊರಗಿತ್ತು. ಯಾರೂ ಹಚ್ಚಬಾರದ ಕತ್ತರಿಯನ್ನು ಅವಳೇ ಹಚ್ಚಿದಳು. ಹೊರಬಂದ ದಾರವನ್ನು ನೀರಲ್ಲಿ ತೊಳೆದು ಬೆರಳಲ್ಲಿ ತಿಕ್ಕಿದಳು. ಮಸಿ ಹೋಗಿ ನೀಲಿ ಹೊಳೆಯಿತು.

"ಇದು ಮೀನಿನ ಬಲಿ ದಾರ" ಎಂದಳು.

ನಾನು ಬಿಸಿನೀರಿನ ಪಾತ್ರೆ ಎತ್ತಿಕೊಂಡು ಹೊರಡಲು ನೋಡಿದೆ.

"ನಿಮ್ಮ ಕಾಕಾಗ ನೀನ ಹೇಳು. ನಾ ಹೇಳಂಗಿಲ್ಲ."

ಸಂಜೆ ಕಾಕಾ ಬಂದಾಗ ಅವಳು, ದಾರದ ಬುಡಕ್ಕೆ ಗಾಯವಾಗಿತ್ತು, ದಾರ ತೆಗೆದೆ ಎಂದಷ್ಟೇ ಹೇಳಿದಳು. ಕಾಕಾ ಗಾಯ ನೋಡಿದ. "ಹಂಗಾರ ಆಕಿ ಬ್ಯಾನಿಗೆ ಕಡದಾಳ. ನಾ ಸೊಕ್ಕಂತ ತಿಳದು ಬಡದೆ" ಎಂದು ನೆಲದ ಮೇಲೆ ಕುಳಿತುಬಿಟ್ಟ. ಆಮೇಲೆ ನನ್ನತ್ತ ತಿರುಗಿದ. "ದಿನಾ ನೀನ ಬಾಚ್ತಿದ್ದೆಲ್ಲೋ, ನಿನಗ ಕಾಣ್ಲಿಲ್ಲನು?" ಚಿಗವ್ವ ಒಲೆಯ ಮುಂದಿನಿಂದ ನೋಡುತ್ತಿದ್ದಳು. "ಇಲ್ಲ ಕಾಕಾ" ಎಂದೆ. ಅದು ಸುಳ್ಳೂ ಅಲ್ಲ. ಕಾಣದ ಹಾಗೆಯೇ ಬಾಚಿದ್ದೆ.

ಅರಿಶಿನ ಎಣ್ಣೆ ಕಟ್ಟಿದರು. ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಬಿಜಲಿ ಹುಲ್ಲಿಗೆ ಬಾಯಿ ತೆರೆಯಲಿಲ್ಲ. ನಾಲ್ಕೂ ಕಾಲು ಮರದ ಕುದುರೆಯಂತೆ ಸೆಟೆದಿದ್ದವು. ದನದ ದವಾಖಾನೆಯ ಡಾಕ್ಟರು ಬಂದು, ಧನುರ್ವಾಯು, ಕೈ ಮೀರಿದೆ ಎಂದರು. ಬೆಳಕು ಬೀಳಬಾರದು, ಸದ್ದಾಗಬಾರದು, ಸದ್ದಾದರೆ ಮೈಯೆಲ್ಲ ಹಿಂಡುತ್ತದೆ ಎಂದರು. ಬಾಗಿಲಿಗೆ ಗೋಣಿಚೀಲ ಕಟ್ಟಿದೆವು. ನಾಲ್ಕು ದಿನ ಆ ಮನೆಯಲ್ಲಿ ಯಾರೂ ಮಾತಾಡಲಿಲ್ಲ, ಪಾತ್ರೆ ಸದ್ದು ಮಾಡಲಿಲ್ಲ. ಒಮ್ಮೆ ನನಗೆ ಕೆಮ್ಮು ಬಂತು. ಗೋಣಿಯ ಆಚೆ ಅದು ಬಿದ್ದ ಸದ್ದು ಕೇಳಿಸಿತು. ಎದ್ದು ನಿಲ್ಲಲೇ ಇಲ್ಲ. ಕೆರೆಯ ದಂಡೆಯಲ್ಲಿ ಹುಗಿದರು. ಹುಗಿಯುವ ಮುನ್ನ ಕಾಕಾ ಅದರ ಕತ್ತಿನ ಕೂದಲನ್ನು ಬೆರಳಿನಿಂದಲೇ ಒಂದು ಮಗ್ಗುಲಿಗೆ ಒಪ್ಪ ಮಾಡಿದ. ಆಗ ಅದು ಕೊಸರಲಿಲ್ಲ.

ಆಮೇಲೆ ಕಾಕಾ ಬಾರುಕೋಲು ಹಿಡಿಯಲಿಲ್ಲ. ಮುದಿ ಮೋತಿ ತನ್ನಿಷ್ಟದಂತೆ ನಡೆಯುತ್ತಿತ್ತು. ರೈಲು ತಪ್ಪೀತೆಂದು ಜನ ಬೇರೆ ಟಾಂಗಾ ಹತ್ತಿದರು, ಆಮೇಲೆ ಆಟೋ ಬಂದವು. ಮೋತಿ ಹೋದ ಮೇಲೆ ಕಾಕಾ ನಿಲ್ದಾಣದಲ್ಲಿ ಚೀಲ ಹೊತ್ತ. ನಾನು ಬೆಳೆದು, ನೌಕರಿ ಸೇರಿ, ಹಬ್ಬಕ್ಕೆ ಹೋದಾಗಲೆಲ್ಲ ಅವನು ಅದೇ ಮಾತಿಗೆ ಬರುತ್ತಿದ್ದ. "ಬ್ಯಾನಿ ಇದ್ದ ಜೀವಕ್ಕ ಹೊಡದ್ನೆಪಾ. ಅದಕ್ಕ ಮನಸಿಗೆ ಹಚ್ಕೊಂಡು ಹೋತು." ಹೇಳಲು ನಾಲಿಗೆಯ ತುದಿಗೆ ಬರುತ್ತಿತ್ತು. ಏನಾದರೊಂದು ತಮಾಷೆ ಮಾಡಿ ಅವನನ್ನು ನಗಿಸುತ್ತಿದ್ದೆ. ನಗಿಸುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಕಾಕಾನನ್ನು ಮಣ್ಣು ಮಾಡಿ ಬಂದ ದಿನ ಚಿಗವ್ವ ಕೈಕಾಲಿಗೆ ನೀರು ಕೊಡುತ್ತ, ಅಷ್ಟು ವರ್ಷಗಳಲ್ಲಿ ಮೊದಲ ಸಲ ಕೇಳಿದಳು: "ಹೇಳಿದ್ಯಾ?" ನಾನು ಇಲ್ಲವೆಂದು ತಲೆಯಲ್ಲಾಡಿಸಿದೆ. ಅವಳು ತಂಬಿಗೆ ಕೆಳಗಿಟ್ಟು ಒಳಗೆ ಹೋದಳು. ಈಗ ಅವಳೂ ಇಲ್ಲ. ತಬೇಲಾ ಇದ್ದಲ್ಲಿ ಯಾರದೋ ಸಿಮೆಂಟು ಅಂಗಡಿಯಿದೆ.

ಮೊನ್ನೆ ಸೊಸೆ ಸಾಕಾಗಿ ಹಣಿಗೆಯನ್ನು ನನ್ನ ಕೈಗಿತ್ತು ಎದ್ದಳು. ಮೊಮ್ಮಗಳು ನನ್ನ ಮೊಣಕಾಲ ನಡುವೆ ಬಂದು ಕುಳಿತು, "ಅಜ್ಜಾ, ತುದಿ ಅಷ್ಟ ಬಾಚು, ಅವ್ವಗ ಗೊತ್ತಾಗಂಗಿಲ್ಲ" ಎಂದು ಪಿಸುಗುಟ್ಟಿದಳು. ನಾನು ಹಣಿಗೆಯನ್ನು ಪಕ್ಕಕ್ಕಿಟ್ಟೆ. ಬೆರಳಿನಿಂದ ಮೆಲ್ಲಗೆ ಬುಡದ ಕೂದಲು ಬಗೆದು, ಎರಡು ಕಿವಿಯ ಹಿಂದೆ, ಕುತ್ತಿಗೆಯ ಮೇಲೆ, ನೋಡಿದೆ. ಹೇನು ಕಡಿದ ಒಂದು ಕೆಂಪು ಚುಕ್ಕೆ ಬಿಟ್ಟರೆ ಏನೂ ಇರಲಿಲ್ಲ. ಆದರೂ ಬಹಳ ಹೊತ್ತು ನೋಡುತ್ತಲೇ ಇದ್ದೆ.