ಮೂಡಲು ಬಾಗಿಲ ಮನೆ

ನಮ್ಮವ್ವ ಎಡ, ಬಲ ಎಂದವಳೇ ಅಲ್ಲ. ಊಟಕ್ಕೆ ಕೂತರೆ, ‘ತಟ್ಟೆ ಬಡಗ್ಲಾಗಿ ಉಪ್ಪೈತೆ ನೋಡು’ ಎನ್ನುವಳು. ಹೊತ್ತು ಹುಟ್ಟುವ ಕಡೆ ಮೂಡಲು, ಮುಳುಗುವ ಕಡೆ ಪಡುವಲು. ಮಿಕ್ಕವೆರಡರಲ್ಲಿ ತೆಂಕಲು ಅಂದರೆ ದಕ್ಷಿಣ, ಬಡಗಲು ಅಂದರೆ ಉತ್ತರ. ಉಯ್ಯಂಬಳ್ಳಿ ಕಡೆಯ ನಮ್ಮೂರಿನಲ್ಲಿ ಮೂಡಲಿಗೆ ಗುಡ್ಡ, ಗುಡ್ಡಕ್ಕೆ ಎದುರಾಗಿ ನಮ್ಮ ಮನೆ ಬಾಗಿಲು.

ಮಂಡಿನೋವಿಗೆ ಔಷಧಿ ಕೊಡಿಸಲು ಅವಳನ್ನು ರಾಮನಗರದ ನನ್ನ ಮನೆಗೆ ಕರೆತಂದೆ. ಕಾರಿನಲ್ಲಿ ದಾರಿಯುದ್ದಕ್ಕೂ ಗೊರಕೆ. ಕಣ್ಣು ಬಿಟ್ಟಾಗ ಎದುರಿಗೊಂದು ಬಂಡೆಗುಡ್ಡ. ಅದು ಇದ್ದದ್ದು ಪಡುವಲಿಗೆ. ಅವ್ವನ ತಲೆಯೊಳಗೆ ಅದೇ ಮೂಡಲಾಗಿ ಕೂತುಬಿಟ್ಟಿತು.

ಮಾರನೆಯ ಬೆಳಿಗ್ಗೆ ಅಂಗಳದಲ್ಲಿ ನಿಂತು, ‘ಹೊತ್ತು ಪಡುವ್ಲಾಗೆ ಹುಟ್ತಾ ಐತಲ್ಲೇ’ ಎಂದಳು. ನಾನು ನಕ್ಕು ಫೋನಿನ ದಿಕ್ಸೂಚಿ ತೋರಿಸಿದೆ.

‘ಹೊತ್ತು ಎಲ್ಲಿ ಹುಟ್ತದೆ ಅಂತ ನಂಗೊತ್ತಿಲ್ವಾ? ಮೈ ಒಪ್ಪಾಕಿಲ್ಲ ಅಂತದೆ ಕಣೆ.’

ದಿಕ್ಕು ತಿರುಗುವುದು ಎಲ್ಲರಿಗೂ ಆಗುವುದೇ, ನಾಲ್ಕು ದಿನಕ್ಕೆ ಸರಿಹೋಗುತ್ತದೆ ಎಂದುಕೊಂಡೆ. ಹೋಗಲಿಲ್ಲ. ಬಡಗಲಿಗೆ ತಲೆ ಹಾಕಿ ಮಲಗಬಾರದೆಂದು ನಮಗೆಲ್ಲ ಗದರಿ ಕಲಿಸಿದವಳೇ, ತೆಂಕಲಿಗಿದ್ದ ದಿಂಬನ್ನು ಎತ್ತಿ ಬಡಗಲಿಗೆ ಇಟ್ಟುಕೊಂಡಳು. ಹೇಗೆ ಮಲಗಿದರೂ ನಿದ್ದೆಯಿಲ್ಲ. ಊಟ ಕಮ್ಮಿಯಾಯಿತು, ಮೈ ಇಳಿಯಿತು. ನನಗೆ ನಿಜಕ್ಕೂ ಭಯವಾಯಿತು.

‘ನಮ್ಮನೆ ಬಾಗ್ಲಾಗೆ ಒಂದ್ಸಲ ನಿಂತ್ಕೊಂಡ್ರೆ ಎಲ್ಲಾ ಸರೋಯ್ತದೆ. ಕರ್ಕೊಂಡೋಗು’ ಎಂದಳು.

ಬೆಳಕು ಹರಿಯುವ ಮೊದಲೇ ಹೊರಟೆವು. ಕಾರಿನಲ್ಲಿ ನಿದ್ದೆ ಮಾಡಿಯೇ ಕೆಟ್ಟೆ ಎಂಬುದು ಅವಳ ಲೆಕ್ಕ. ಈ ಸಲ ರೆಪ್ಪೆ ಮುಚ್ಚಲಿಲ್ಲ. ತಿರುವು ಬಂದಾಗಲೆಲ್ಲ ಬಾಯಲ್ಲೇ ದಿಕ್ಕು ಹೇಳಿಕೊಂಡಳು. ಕನಕಪುರ ದಾಟಿ ನಾವು ತೆಂಕಲಿಗೆ ಹೋಗುತ್ತಿದ್ದರೆ ಅವಳು, ‘ಈಗ ಬಡಗ್ಲಾಗಿ’ ಎಂದಳು.

‘ಒಸಿ ಕಣ್ಮುಚ್ಕೊ ಅವ್ವ.’

‘ಸುಮ್ಕಿರು, ತಪ್ಪೋಯ್ತದೆ.’

ತಿರುಗಿದ ದಿಕ್ಕನ್ನೇ ಅವಳು ಜೋಪಾನವಾಗಿ ಊರಿಗೆ ಒಯ್ಯುತ್ತಿದ್ದಳು.

ಊರು ತಲುಪಿದಾಗ ಗುಡ್ಡದ ಮೇಲಿಂದ ಎಳೆಬಿಸಿಲು ಬಾಗಿಲಿಗೇ ಬಿದ್ದಿತ್ತು. ಅವ್ವ ಇಳಿದು ಗುಡ್ಡ ನೋಡಿದಳು, ಬಾಗಿಲು ನೋಡಿದಳು, ಮತ್ತೆ ಗುಡ್ಡ ನೋಡಿದಳು. ಆ ಮನೆಯಲ್ಲೇ ಇರುವ ನನ್ನ ತಮ್ಮ ಹೆಂಡತಿಯೊಡನೆ ಹೊಸ್ತಿಲಿಗೆ ಬಂದ.

‘ಯಾಕವ್ವಾ ಅಲ್ಲೇ ನಿಂತ್ಬುಟ್ಟೆ? ಬಾ ಒಳೀಕೆ.’

ಅವ್ವ ಹೆಜ್ಜೆ ಎತ್ತಲಿಲ್ಲ. ನನ್ನ ಮೊಣಕೈ ಹಿಡಿದುಕೊಂಡಳು.

‘ನಮ್ಮನೇದು ಮೂಡ್ಲು ಬಾಗ್ಲು. ಇದು ಪಡುವ್ಲಾಗೈತೆ.’

‘ಇದೇ ನಮ್ಮನೆ ಅವ್ವ. ಅವನು ನಿನ್ನ ಮಗ, ನೋಡು.’

ಅವಳು ತಮ್ಮನ ಮುಖವನ್ನು ಬಹಳ ಹೊತ್ತು ದಿಟ್ಟಿಸಿದಳು. ಆಮೇಲೆ ಅವನಿಗೆ ಕೇಳಿಸದ ಹಾಗೆ ನನ್ನ ಕಿವಿಯ ಹತ್ತಿರ ಬಂದು ಹೇಳಿದಳು:

‘ನೋಡಾಕೆ ಅವನಂಗೇ ಅವ್ನೆ ಕಣವ್ವ.’